ಬಾಗಿಲು ತಟ್ಟುವ ಕೆಲಸ

ಲೈಬ್ರರಿ ಕೆಲಸಕ್ಕೆ ಸೇರುವಾಗ ಕೊಟ್ಟ ಕಾಗದದಲ್ಲಿ ಪುಸ್ತಕ ಜೋಡಿಸುವುದು, ಕಾರ್ಡ್ ಮಾಡಿಕೊಡುವುದು, ಸಂಜೆ ಮಕ್ಕಳಿಗೆ ಕಥೆ ಓದುವುದು ಅಂತೆಲ್ಲ ಬರೆದಿತ್ತು. ಬಾತ್‌ರೂಮಿನ ಬಾಗಿಲು ತಟ್ಟುವುದು ಅದರಲ್ಲಿ ಇರಲಿಲ್ಲ. ಅದನ್ನು ಮೊದಲ ದಿನ ನಮ್ಮ ಗಾರ್ಡ್ ಹೇಳಿಕೊಟ್ಟಳು. ಪೋರ್ಟೊ ರಿಕೊ ಮೂಲದ ಹೆಂಗಸು, ನನಗಿಂತ ಐದಾರು ವರ್ಷ ದೊಡ್ಡವಳು, ಆ ಬೀದಿಯಲ್ಲೇ ಹುಟ್ಟಿ ಬೆಳೆದವಳು.

"ಯಾರಾದರೂ ಒಳಗೆ ಹೋದರೆ ಗಡಿಯಾರ ನೋಡ್ಕೋ. ಐದು ನಿಮಿಷಕ್ಕೆ ತಟ್ಟು. ಉತ್ತರ ಬರಲಿಲ್ಲ ಅಂದ್ರೆ ಇನ್ನೊಂದು ಸಲ, ಜೋರಾಗಿ. ಆಗಲೂ ಬರಲಿಲ್ಲ ಅಂದ್ರೆ ನನ್ನ ಕರಿ. ಬೀಗದ ಕೈ ನನ್ನ ಹತ್ರ ಇರುತ್ತೆ."

ಏನಂತ ಉತ್ತರ ಬರಬೇಕು ಅಂತ ಕೇಳಿದೆ.

"ಏನಾದರೂ ಬರಲಿ. ಬೈದರೂ ಸರಿ. ಬೈಯೋನು ಉಸಿರಾಡ್ತಾ ಇರ್ತಾನೆ."

ಇದು 2021ರ ಮಾತು. ಊರು ಫಿಲಡೆಲ್ಫಿಯಾ, ಬಡಾವಣೆ ಕೆನ್ಸಿಂಗ್ಟನ್‌ನ ಅಂಚು. ನಮ್ಮ ಮನೆ ಇರುವುದು ಊರ ಹೊರಗೆ, ಹುಲ್ಲು ಕತ್ತರಿಸಿದ ಅಂಗಳಗಳ ನಡುವೆ. ಗಂಡ ಒಂದು ಔಷಧಿ ಕಂಪನಿಯಲ್ಲಿ ಲೆಕ್ಕಪತ್ರ ನೋಡುತ್ತಾರೆ. ಮಕ್ಕಳು ಕಾಲೇಜಿಗೆ ಹೋದಮೇಲೆ ಮನೆಯಲ್ಲಿ ಕೂತು ಕೂತು ಬೇಸರ ಬಂದು ನಾನು ಅರ್ಜಿ ಹಾಕಿದ್ದು. ಸಿಕ್ಕಿದ್ದು ಈ ಶಾಖೆ. ಮ್ಯಾಪಿನಲ್ಲಿ ನೋಡಿ ಗಂಡ ಸುಮ್ಮನಾದರು. ಆಮೇಲೆ "ಬೇರೆ ಶಾಖೆ ಇಲ್ವಂತಾ?" ಅಂದರು.

ಕೆನ್ಸಿಂಗ್ಟನ್ ಅವೆನ್ಯೂ ಮೇಲೆ ಕಬ್ಬಿಣದ ಕಂಬಗಳ ಮೇಲೆ ರೈಲು ಓಡುತ್ತದೆ. ಊರಿನವರು ಅದನ್ನು 'ಎಲ್' ಅನ್ನುತ್ತಾರೆ. ಅದರ ನೆರಳಲ್ಲಿ ಹಗಲಲ್ಲೂ ಬೀದಿ ಕತ್ತಲು. ಸಮರ್ಸೆಟ್ ಮತ್ತು ಆಲಿಗೆನಿ ಸ್ಟೇಷನ್ನುಗಳ ನಡುವೆ ಜನ ನಿಂತಲ್ಲೇ ಸೊಂಟ ಬಾಗಿಸಿ, ತಲೆ ಮೊಣಕಾಲಿಗೆ ತಾಗುವಂತೆ, ಬೀಳದೆ ತೂಗುತ್ತಿರುತ್ತಾರೆ. ಮೊದಲ ವಾರ ಅವರನ್ನು ನೋಡದಿರಲು ರೈಲಿನ ಕಿಟಕಿಯ ಇನ್ನೊಂದು ಬದಿಗೆ ಕೂರುತ್ತಿದ್ದೆ. ಆ ಬದಿಯಲ್ಲಿ ಕಾಣುತ್ತಿದ್ದದ್ದು ಹಳೆಯ ಗಿರಣಿಗಳು. ಒಂದು ಕಾಲಕ್ಕೆ ಇಲ್ಲಿ ಕಂಬಳಿ, ಲೇಸು, ಕಾಲುಚೀಲ ನೇಯುತ್ತಿದ್ದರು. ಸ್ಟೆಟ್ಸನ್ ಟೋಪಿ ಕಾರ್ಖಾನೆಯೂ ಈ ಕಡೆಯೇ ಇತ್ತು. ಕಿಟಕಿಗೆ ಇಟ್ಟಿಗೆ ತುಂಬಿದ ಗಿರಣಿ, ಚಿಮಣಿಯಲ್ಲಿ ಬೆಳೆದ ಗಿಡ. ನಾನು ದಾವಣಗೆರೆಯವಳು. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು. ಅಪ್ಪ ಹತ್ತಿ ಗಿರಣಿಯಲ್ಲಿದ್ದವರು. ಗಿರಣಿ ಮುಚ್ಚಿದ ಊರು ಹೇಗಿರುತ್ತದೆ ಅನ್ನುವುದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಮ್ಮಲ್ಲಿ ಆ ಗಂಡಸರು ಹೆಂಡದಂಗಡಿ ಮುಂದೆ ಕೂತರು. ಇಲ್ಲಿನವರ ಕೈಗೆ ಬೇರೇನೋ ಬಂತು.

ಕೆಲಸಕ್ಕೆ ಸೇರಿದ ಎರಡನೇ ವಾರ ತರಬೇತಿ, ಮಾದಕ ಮದ್ದು ಮಿತಿಮೀರಿ ಉಸಿರು ನಿಂತವರನ್ನು ಉಳಿಸುವುದು ಹೇಗೆ ಅಂತ. ಲೈಬ್ರರಿಯವರಿಗೆ ಇದೇನೂ ಹೊಸದಲ್ಲ. ಹತ್ತಿರದ ಮ್ಯಾಕ್‌ಫರ್ಸನ್ ಸ್ಕ್ವೇರ್ ಲೈಬ್ರರಿಯ ಹುಲ್ಲುಹಾಸಿನ ಮೇಲೆ ಬಿದ್ದವರನ್ನು ಅಲ್ಲಿನ ಸಿಬ್ಬಂದಿ ಓಡಿಹೋಗಿ ಉಳಿಸಿದ್ದು 2017ರಲ್ಲೇ ದೇಶಕ್ಕೆಲ್ಲ ಸುದ್ದಿಯಾಗಿತ್ತು. ಆ ವರ್ಷ ಫಿಲಡೆಲ್ಫಿಯಾ ಒಂದರಲ್ಲೇ ಓವರ್‌ಡೋಸ್‌ನಿಂದ ಸತ್ತವರು 1,217. 2022ಕ್ಕೆ ಅದು 1,413 ಆಯಿತು. ಅದೇ 2022ರಲ್ಲಿ ಊರಲ್ಲಿ ಕೊಲೆಯಾದವರು 516. ಕೊಲೆ ದಿನಾ ಟೀವಿಯಲ್ಲಿ ಬರುತ್ತಿತ್ತು.

ತರಬೇತಿ ಕೊಡಲು ಬಂದವಳು ನರ್ಸ್. ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ತಲೆ, ಪಕ್ಕದಲ್ಲಿ ಹೆಬ್ಬೆಟ್ಟಿನಿಂದ ಒತ್ತುವ ಬಿಳಿ ಪಿಚಕಾರಿ. ನಾರ್ಕಾನ್. ಒಳಗಿರುವ ಔಷಧಿ ನಲೋಕ್ಸೋನ್, 4 ಮಿಲಿಗ್ರಾಂ. ಇಷ್ಟು ಅವಳು ಹೇಳಿದ್ದು. ಅದು ಕೆಲಸ ಮಾಡುವ ರೀತಿಯನ್ನು ನಾನು ನನ್ನ ತಲೆಯಲ್ಲಿ ನಮ್ಮೂರ ಬಸ್ಸಿಗೆ ಹೊಂದಿಸಿಕೊಂಡೆ. ಅಫೀಮಿನ ಜಾತಿಯ ಮದ್ದುಗಳು ಮೆದುಳಿನಲ್ಲಿ ಉಸಿರಾಟ ನಡೆಸುವ ಜಾಗದಲ್ಲಿ ಟವೆಲ್ ಹಾಕಿ ಸೀಟು ಹಿಡಿಯುತ್ತವೆ. ಸೀಟೆಲ್ಲ ತುಂಬಿದರೆ ಉಸಿರಾಡಬೇಕು ಅನ್ನುವುದೇ ದೇಹಕ್ಕೆ ಮರೆತುಹೋಗುತ್ತದೆ. ನಲೋಕ್ಸೋನ್ ಬಂದು ಅವರನ್ನು ಎಬ್ಬಿಸಿ ತಾನು ಕೂರುತ್ತದೆ. ಆದರೆ ಅದು ದೂರದ ಪ್ರಯಾಣಿಕನಲ್ಲ, ಅರ್ಧ ಗಂಟೆಯಿಂದ ಒಂದೂವರೆ ಗಂಟೆಯೊಳಗೆ ಇಳಿದುಬಿಡುತ್ತದೆ. ಎದ್ದು ನಿಂತವರು ಬಸ್ಸಲ್ಲೇ ಇದ್ದರೆ ಮತ್ತೆ ಕೂರುತ್ತಾರೆ. ಅದಕ್ಕೇ ಎಚ್ಚರವಾದರೂ ಆಸ್ಪತ್ರೆಗೆ ಹೋಗಬೇಕು ಅನ್ನುವುದು.

"ಈಗ ಬೀದಿಯಲ್ಲಿ ಹೆರಾಯಿನ್ ಅಂತ ಮಾರೋದರಲ್ಲಿ ಹೆರಾಯಿನ್ ಇರಲ್ಲ, ಫೆಂಟನಿಲ್ ಇರುತ್ತೆ" ಅಂದಳು ನರ್ಸ್.

ಉಳಿದವರು ಬರೆದುಕೊಂಡರು. ನನಗೆ ಅಪ್ಪನ ಎದೆ ನೆನಪಾಯಿತು.

2009ರಲ್ಲಿ ಅಪ್ಪನಿಗೆ ಬಾಯಿ ಕ್ಯಾನ್ಸರ್. ಎಲೆ, ಅಡಿಕೆ, ಹೊಗೆಸೊಪ್ಪು. ಗಿರಣಿಯ ದೂಳಿಗೆ ಅದೇ ಮದ್ದು ಅನ್ನುತ್ತಿದ್ದರು. ಕೊನೆಯ ತಿಂಗಳುಗಳಲ್ಲಿ ನಾನು ಊರಿಗೆ ಹೋಗಿದ್ದೆ. ನೋವು ಎಷ್ಟಿತ್ತೆಂದರೆ, ಅಪ್ಪ ಕೂಗಲೂ ಆಗದೆ ಗೋಡೆಯನ್ನು ಉಗುರಿನಿಂದ ಕೆರೆಯುತ್ತಿದ್ದರು, ಸುಣ್ಣ ಉದುರುತ್ತಿತ್ತು. ಮಾರ್ಫಿನ್ ಮಾತ್ರೆ ಬೇಕು ಅಂದರೆ ಊರಿನ ಅಂಗಡಿಗಳಲ್ಲಿ ಆ ಹೆಸರು ಹೇಳಿದ ಕೂಡಲೇ ಮುಖ ಬಿಗಿಯುತ್ತಿತ್ತು. 1985ರ ಮಾದಕ ವಸ್ತು ಕಾನೂನು, ಆ ಪರವಾನಗಿ, ಈ ಪರವಾನಗಿ. ಇಟ್ಟುಕೊಳ್ಳುವ ತಲೆನೋವೇ ಬೇಡ ಅಂತ ಅಂಗಡಿಯವರು ತರಿಸುತ್ತಲೇ ಇರಲಿಲ್ಲ. (ಕಾನೂನು ಸಡಿಲವಾಗಿದ್ದು 2014ರಲ್ಲಿ.) ನನ್ನ ತಮ್ಮ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋಗಿ, ಸಾಲಲ್ಲಿ ನಿಂತು, ಮರುರಾತ್ರಿ ವಾಪಸ್ಸು ಬರುತ್ತಿದ್ದ. ಕೊನೆಗೆ ಬೆಂಗಳೂರಿಗೇ ಕರೆದುಕೊಂಡು ಹೋದೆವು. ಅಲ್ಲಿನ ಡಾಕ್ಟರಮ್ಮ ಅಪ್ಪನ ಎದೆಗೆ ಒಂದು ಪಾರದರ್ಶಕ ಪಟ್ಟಿ ಅಂಟಿಸಿದರು. ಫೆಂಟನಿಲ್ ಪ್ಯಾಚ್, ಗಂಟೆಗೆ 25 ಮೈಕ್ರೋಗ್ರಾಂ, ಮೂರು ದಿನಕ್ಕೊಮ್ಮೆ ಬದಲು. ಅದರ ಮೇಲೆ ಬಿಸಿನೀರಿನ ಚೀಲ ಇಡಬೇಡಿ, ಒಮ್ಮೆಲೇ ಒಳಗೆ ಇಳಿದುಬಿಡುತ್ತೆ ಅಂದರು. ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತಾರೆ ಅಂತ ಎಣಿಸ್ತಾ ಇರಿ, ಎಂಟಕ್ಕಿಂತ ಕಡಿಮೆಯಾದರೆ ಕರೀರಿ ಅಂದರು.

ಅಂಟಿಸಿ ಅರ್ಧ ದಿನ ಏನೂ ಆಗಲಿಲ್ಲ. ಆ ರಾತ್ರಿ ಅಪ್ಪ ಮಲಗಿದರು. ಎಷ್ಟೋ ವಾರದ ಮೇಲೆ ಮೊದಲ ನಿದ್ದೆ. ನಾನು ಗೋಡೆ ಗಡಿಯಾರ ನೋಡುತ್ತಾ ಎಣಿಸಿದೆ. ಹದಿನಾಲ್ಕು. ಹನ್ನೆರಡು. ಹದಿಮೂರು. ಬೆಳಗಿನವರೆಗೆ ಎಣಿಸಿದೆ. ಬೆಳಿಗ್ಗೆ ಎದ್ದು ಅಪ್ಪ ಕಾಫಿ ಕೇಳಿದರು.

ಆ ಪ್ಯಾಚನ್ನು ದೇವರ ಪ್ರಸಾದದಂತೆ ನೋಡಿದವಳು ನಾನು. ಈಗ ಫಿಲಡೆಲ್ಫಿಯಾದ ಒಂದು ಮಹಡಿಕೋಣೆಯಲ್ಲಿ ಅದೇ ಹೆಸರು, ವಿಷ ಅನ್ನುವ ಅರ್ಥದಲ್ಲಿ.

ಬೆಲ್ಜಿಯಂನ ಪಾಲ್ ಯಾನ್ಸನ್ ಅನ್ನುವ ವೈದ್ಯ-ವಿಜ್ಞಾನಿಯ ಪ್ರಯೋಗಾಲಯದಲ್ಲಿ 1960ರ ಸುಮಾರಿಗೆ ಹುಟ್ಟಿದ ಮದ್ದು ಇದು. ಮಾರ್ಫಿನ್‌ಗಿಂತ ನೂರು ಪಟ್ಟು, ಹೆರಾಯಿನ್‌ಗಿಂತ ಐವತ್ತು ಪಟ್ಟು ಬಲ. ಗಸಗಸೆ ಹೊಲ ಬೇಡ, ಮಳೆ ಬೇಡ, ರಾಸಾಯನಿಕ ಇದ್ದರೆ ಸಾಕು. ಇಷ್ಟು ಬಲವಿದ್ದರೆ ಸಾಗಿಸುವುದೂ ಸುಲಭ. ಆಸ್ಪತ್ರೆಯ ಫೆಂಟನಿಲ್ ಮೈಕ್ರೋಗ್ರಾಂ ಲೆಕ್ಕದಲ್ಲಿ ಅಳೆದದ್ದು. ಬೀದಿಯದ್ದನ್ನು ಯಾರೋ ಯಾವುದೋ ಅಡುಗೆಮನೆಯಲ್ಲಿ ಪುಡಿಗೆ ಬೆರೆಸಿರುತ್ತಾರೆ. ಉಪ್ಪಿಟ್ಟಿನಲ್ಲಿ ಉಪ್ಪು ಸರಿಯಾಗಿ ಕೂಡದೆ ಒಂದು ತುತ್ತಿಗೆ ಹರಳೇ ಸಿಕ್ಕ ಹಾಗೆ, ಒಂದು ಚೀಟಿಯಲ್ಲಿ ಏನೂ ಇಲ್ಲ, ಇನ್ನೊಂದರಲ್ಲಿ ಸಾವು. ಎರಡು ಮಿಲಿಗ್ರಾಂ ಸಾಕು ಅನ್ನುತ್ತಾರೆ.

ತರಬೇತಿ ಮುಗಿದಮೇಲೆ ಎಲ್ಲರ ಕೈಗೂ ಒಂದೊಂದು ಡಬ್ಬಿ ಕೊಟ್ಟರು. ಡಬ್ಬಿಗೆ ಎರಡು ಪಿಚಕಾರಿ. ಹೆಸರು ಕೇಳಲಿಲ್ಲ, ಸಹಿ ಹಾಕಿಸಲಿಲ್ಲ. 2015ರಲ್ಲಿ ಪೆನ್ಸಿಲ್ವೇನಿಯಾ ಇಡೀ ರಾಜ್ಯದ ಜನಕ್ಕೆ ಸೇರಿಸಿ ಒಂದೇ ಔಷಧಿ ಚೀಟಿ ಬರೆದಿಟ್ಟಿದೆಯಂತೆ. ಅದಕ್ಕೂ ಹಿಂದಿನ ವರ್ಷದ ಕಾನೂನು, ಒಳ್ಳೆಯ ಮನಸ್ಸಿನಿಂದ ಇದನ್ನು ಕೊಟ್ಟವರ ಮೇಲೆ ಕೇಸು ಹಾಕುವಂತಿಲ್ಲ ಅನ್ನುತ್ತದೆ. ನನ್ನ ತಮ್ಮ ಕಿಟಕಿ ಸೀಟಿಗೆ ತಲೆ ಆನಿಸಿಕೊಂಡು ಮಾಡಿದ ರಾತ್ರಿ ಬಸ್ಸಿನ ಪ್ರಯಾಣಗಳನ್ನು ನೆನೆದು ಆ ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡೆ.

ಮನೆಯಲ್ಲಿ ಗಂಡನಿಗೆ ಒಂದೇ ಚಿಂತೆ. "ಪುಡಿ ಕೈಗೆ ತಾಗಿ ನಿನಗೇ ಏನಾದರೂ ಆದರೆ?" ಪೊಲೀಸರು ಮುಟ್ಟಿ ಮೂರ್ಛೆ ಹೋದರು ಅನ್ನುವ ವಿಡಿಯೋ ನೋಡಿದ್ದರು. ಮುಟ್ಟಿದ ಮಾತ್ರಕ್ಕೆ ಹಾಗಾಗುವುದಿಲ್ಲ ಅಂತ ನರ್ಸ್ ಹೇಳಿದ್ದನ್ನು ಹೇಳಿದೆ. ನಂಬಲಿಲ್ಲ. ಚರ್ಮದ ಮೂಲಕ ಇಳಿಯಲೆಂದೇ ತಯಾರಿಸಿದ ಪಟ್ಟಿಗೆ ಅಪ್ಪನ ಎದೆಯ ಮೇಲೆ ಅರ್ಧ ದಿನ ಹಿಡಿಯಿತಲ್ಲ ಅಂದೆ. ಆಗ ಸುಮ್ಮನಾದರು.

ಒಂದು ವರ್ಷದ ಮೇಲೆ ಡಬ್ಬಿ ಬ್ಯಾಗಿನಲ್ಲೇ ಇತ್ತು. ದಿನಕ್ಕೆ ಇಪ್ಪತ್ತು ಸಲ ಬಾಗಿಲು ತಟ್ಟಿದ್ದೇನೆ, ಇಪ್ಪತ್ತು ಬಗೆಯ ಬೈಗುಳ ಕಲಿತಿದ್ದೇನೆ, ಕೆಲವು ಸ್ಪ್ಯಾನಿಷ್‌ನಲ್ಲಿ. ಮೂರು ಸಲ ಬೀಗ ತೆಗೆಯಬೇಕಾಗಿ ಬಂದಾಗಲೂ ಗಾರ್ಡ್ ಇದ್ದಳು, ಅವಳೇ ನೋಡಿಕೊಂಡಳು.

2023ರ ಫೆಬ್ರವರಿ, ಗುರುವಾರ ಮಧ್ಯಾಹ್ನ. ಮೂವತ್ತರ ಆಸುಪಾಸಿನ ಒಬ್ಬ ಹುಡುಗ ಬರುತ್ತಿದ್ದ. ನನ್ನ ವಯಸ್ಸಿಗೆ ಮೂವತ್ತು ಹುಡುಗನೇ. ಫೋನು ಚಾರ್ಜಿಗೆ ಹಾಕಿ, ಹಡಗುಗಳ ಒಂದು ದೊಡ್ಡ ಚಿತ್ರಪುಸ್ತಕ ತೊಡೆಯ ಮೇಲೆ ಬಿಡಿಸಿಕೊಂಡು ಕೂರುತ್ತಿದ್ದ. ಮುಂಗೈಗೆ ಯಾವಾಗಲೂ ಬ್ಯಾಂಡೇಜು. ಅದು ಯಾಕೆ ಅಂತ ಆ ಹೊತ್ತಿಗೆ ನನಗೆ ಗೊತ್ತಿತ್ತು. ಫೆಂಟನಿಲ್ ಜೊತೆಗೆ ಜೈಲಜೀನ್ ಬೆರೆಸುತ್ತಾರೆ, ದನ ಕುದುರೆಗಳಿಗೆ ಮಂಪರು ಬರಿಸುವ ಮದ್ದು. ಬೀದಿಯಲ್ಲಿ ಅದರ ಹೆಸರು 'ಟ್ರ್ಯಾಂಕ್'. 2021ರಲ್ಲೇ ಫಿಲಡೆಲ್ಫಿಯಾದ ಬೀದಿ ಸರಕನ್ನು ಪರೀಕ್ಷಿಸಿದಾಗ ನೂರಕ್ಕೆ ತೊಂಬತ್ತಕ್ಕೂ ಹೆಚ್ಚರಲ್ಲಿ ಅದು ಸಿಕ್ಕಿತ್ತು. ಮೈಮೇಲೆ ಆಗುವ ಹುಣ್ಣು ಚುಚ್ಚಿದ ಜಾಗದಲ್ಲೇ ಆಗಬೇಕೆಂದಿಲ್ಲ, ಎಲ್ಲೆಂದರಲ್ಲಿ ಕೊಳೆಯುತ್ತದೆ.

ಒಳಗೆ ಹೋದ. ಮೂರು ಹತ್ತು. ಮೂರು ಹದಿನೈದಕ್ಕೆ ತಟ್ಟಿದೆ. ಇನ್ನೊಮ್ಮೆ ತಟ್ಟಿದೆ, ಅಂಗೈಯಲ್ಲಿ. ಒಳಗಿನಿಂದ ಒಂದು ಸದ್ದು ಬರುತ್ತಿತ್ತು, ಗೊರಕೆಯಂಥದ್ದು, ಹುಕ್ಕಾದ ನೀರಿನ ಹಾಗೆ ಗೊಳಗೊಳ. ನಿದ್ದೆ ಮಾಡ್ತಿದಾನೆ ಅಂತ ಒಂದು ಕ್ಷಣ ಅನ್ನಿಸಿದ್ದು ನಿಜ. ಆ ಗೊರಕೆಯ ಬಗ್ಗೆ ನರ್ಸ್ ಎರಡು ಸಲ ಹೇಳಿದ್ದಳು: ನಿದ್ದೆ ಅಂದುಕೊಂಡು ಹೊದಿಕೆ ಹೊದಿಸಿ ಹೋದ ಅಮ್ಮಂದಿರು ಬೆಳಿಗ್ಗೆ ಬಂದು ನೋಡುತ್ತಾರೆ.

ಗಾರ್ಡ್ ಬಾಗಿಲು ತೆಗೆದಳು. ಕಮೋಡಿಗೂ ಗೋಡೆಗೂ ನಡುವೆ ಸಿಕ್ಕಿಕೊಂಡು ಕೂತಿದ್ದ, ಗದ್ದ ಎದೆಗೆ ಒತ್ತಿ. ಮುಖ ಬೂದಿ. ತುಟಿ ನೇರಳೆಹಣ್ಣು ತಿಂದವನ ಹಾಗೆ. ಇಬ್ಬರೂ ಒಂದೊಂದು ಕಂಕುಳಿಗೆ ಕೈಹಾಕಿ ಹೊರಗೆ ಎಳೆದೆವು. ಅವಳು ಗೆಣ್ಣಿನಿಂದ ಅವನ ಎದೆಮೂಳೆ ತಿಕ್ಕಿದಳು, ನೆಲ ತಿಕ್ಕುವ ಹಾಗೆ. ಅಲುಗಾಡಲಿಲ್ಲ. "ನೀನು ಹಾಕು, ನಾನು ಫೋನ್ ಮಾಡ್ತೀನಿ" ಅಂದು 911 ಒತ್ತಿದಳು.

ಡಬ್ಬಿಯ ಹಾಳೆ ಸುಲಿಯಲು ನನ್ನ ಬೆರಳಿಗೆ ಆಗಲಿಲ್ಲ, ಹಲ್ಲಲ್ಲಿ ಸುಲಿದೆ. ಹೊಸ ಸೆಂಟು ಬಾಟಲಿ ತೆಗೆದಾಗ ಗಾಳಿಗೆ ಒಮ್ಮೆ ಒತ್ತಿ ನೋಡುತ್ತೇವಲ್ಲ, ಹಾಗೆ ಒತ್ತಿಬಿಡುತ್ತಿದ್ದೆ. ಒತ್ತಿದರೆ ಮುಗಿಯಿತು, ಒಂದಕ್ಕೆ ಒಂದೇ ಸಲ. ತಲೆ ಹಿಂದಕ್ಕೆ ಬಾಗಿಸಿ, ಮೂಗಿನ ಹೊಳ್ಳೆಯೊಳಗೆ ಬೆರಳು ತಾಗುವವರೆಗೆ ತೂರಿಸಿ, ಒತ್ತಿದೆ. ಇಷ್ಟೇ. ಇದು ಸುಲಭದ ಭಾಗ.

ಔಷಧಿ ಏರಲು ಎರಡು ಮೂರು ನಿಮಿಷ ಬೇಕು. ಅಷ್ಟು ಹೊತ್ತು ಉಸಿರಿಲ್ಲದೆ ಮೆದುಳು ಉಳಿಯುವುದಿಲ್ಲ. ನೀವು ಉಸಿರು ಕೊಡಬೇಕು. ಬಾಯಿಗೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಮೂಗು ಹಿಡಿದು, ಐದು ಸೆಕೆಂಡಿಗೊಮ್ಮೆ ಊದಬೇಕು. ಎದೆ ಏಳುವುದು ಕಾಣಬೇಕು. ಒಂದು, ಎರಡು, ಮೂರು, ನಾಲ್ಕು, ಊದು. ಕನ್ನಡದಲ್ಲೇ ಎಣಿಸುತ್ತಿದ್ದೆ ಅನ್ನುವುದು ಆಮೇಲೆ ಗಾರ್ಡ್ ಹೇಳಿ ಗೊತ್ತಾಯಿತು. ಅವಳು ಅದನ್ನು ಪ್ರಾರ್ಥನೆ ಅಂದುಕೊಂಡಿದ್ದಳಂತೆ. ಅವನ ಬಾಯಿಂದ ಕಿತ್ತಳೆ ಸೋಡಾದ ವಾಸನೆ. ಆ ಪಕ್ಕದ ಮಕ್ಕಳ ವಿಭಾಗದಿಂದ ನನ್ನ ಸಹೋದ್ಯೋಗಿ ಮಕ್ಕಳನ್ನೆಲ್ಲ ಕಿಟಕಿ ಕಡೆ ತಿರುಗಿಸಿ ಜೋರಾಗಿ ಹಾಡಿಸುತ್ತಿದ್ದದ್ದು ಕೇಳುತ್ತಿತ್ತು.

ಮೂರು ನಿಮಿಷ. ಏನೂ ಇಲ್ಲ. ಇನ್ನೊಂದು ಹೊಳ್ಳೆಗೆ ಎರಡನೆಯದು. ಮತ್ತೆ ಊದು.

ಆಮೇಲೆ ಅವನ ಎದೆ ತಾನಾಗಿ ಎದ್ದಿತು. ಒಮ್ಮೆ. ತುಂಬ ಹೊತ್ತಾದಮೇಲೆ ಇನ್ನೊಮ್ಮೆ. ತುಟಿಯ ನೇರಳೆ ಅಂಚಿನಿಂದ ಬಿಡುತ್ತಾ ಬಂತು. ಆದರೆ ಕಣ್ಣು ತೆರೆಯಲಿಲ್ಲ. ವಿಡಿಯೋಗಳಲ್ಲಿ ಎದ್ದು ಕೂರುತ್ತಾರಲ್ಲ! ನಾನು ಗಾರ್ಡ್ ಸೊಂಟದ ಚೀಲಕ್ಕೆ ಕೈಹಾಕಿ ಅವಳ ಡಬ್ಬಿ ಎಳೆದೆ. ಅವಳು ನನ್ನ ಮಣಿಕಟ್ಟು ಹಿಡಿದಳು.

"ಸಾಕು. ಉಸಿರಾಡ್ತಿದಾನೆ ನೋಡು. ಏಳಿಸೋದು ನಮ್ಮ ಕೆಲಸ ಅಲ್ಲ."

ಜೈಲಜೀನ್ ಅಫೀಮಿನ ಜಾತಿಯದ್ದಲ್ಲ. ನಲೋಕ್ಸೋನ್ ಅದರ ಸೀಟಿನ ಹತ್ತಿರಕ್ಕೂ ಹೋಗುವುದಿಲ್ಲ. ಫೆಂಟನಿಲ್ ಎದ್ದುಹೋದರೂ ಮಂಪರು ಹಾಗೇ ಇರುತ್ತದೆ. ಆ ಹೊತ್ತಿನಲ್ಲಿ ಗಾಬರಿಬಿದ್ದು ಮೇಲಿಂದ ಮೇಲೆ ನಾರ್ಕಾನ್ ಸುರಿದರೆ ಅವನು ಎಚ್ಚರವಾದಾಗ ಮೈಯೆಲ್ಲ ಮುರಿದು, ವಾಂತಿಯಾಗಿ, ನರಕ ಕಾಣುತ್ತಾನೆ; ಆ ನರಕ ತಾಳದೆ ಆಸ್ಪತ್ರೆಯಿಂದ ಓಡಿಹೋಗಿ ಮತ್ತೆ ಅದನ್ನೇ ಹುಡುಕುತ್ತಾನೆ. ಹಾಗಾಗಿ ಮುಖ ನೋಡುವುದಲ್ಲ, ಎದೆ ನೋಡುವುದು. ಗಡಿಯಾರ ನೋಡಿ ಎಣಿಸಿದೆ. ಹತ್ತು. ಹನ್ನೊಂದು. ಈ ಎಣಿಕೆ ನನ್ನ ಕೈಗೆ ಹಳೆಯದು.

ಆಂಬ್ಯುಲೆನ್ಸ್‌ನವರು ಬಂದು ಆಮ್ಲಜನಕ ಹಾಕಿ ಒಯ್ದರು. ಒಂದು ಫಾರಂ ತುಂಬಿದೆ: ಎಷ್ಟು ಹೊತ್ತಿಗೆ, ಎಷ್ಟು ಡೋಸು. ಮೊಣಕಾಲು ನೋಯುತ್ತಿತ್ತು. ನಾಲ್ಕಕ್ಕೆ ಕಥೆ ಓದುವ ಸರದಿ ನನ್ನದೇ. ಓದಿದೆ. ಮುಗಿದಮೇಲೆ ಎಂಟೊಂಬತ್ತು ವರ್ಷದ ಒಬ್ಬಳು ಹತ್ತಿರ ಬಂದು ಕೇಳಿದಳು: "ಒಂದು ಹಾಕಿದ್ರಾ, ಎರಡಾ?"

ಎರಡು ಅಂದೆ. ತಲೆಯಾಡಿಸಿ ಹೋದಳು.

ರಾತ್ರಿ ಅವ್ವನಿಗೆ ಫೋನ್ ಮಾಡಿ ಹೇಳಿದೆ, ಅರ್ಧಂಬರ್ಧ. ಬಾಯಿಗೆ ಬಾಯಿ ಇಟ್ಟಿದ್ದು ಹೇಳಲಿಲ್ಲ. ಅವ್ವ ಕೇಳಿದ್ದು ಒಂದೇ: "ಅವನ ತಾಯಿಗೆ ಯಾರಾರ ತಿಳಿಸಿದ್ರೇನೇ?" ನನಗೆ ಉತ್ತರ ಗೊತ್ತಿರಲಿಲ್ಲ.

ಅಲ್ಲಿಂದ ಈಚೆಗೆ ಏನೇನೋ ಬದಲಾಗಿದೆ. 2023ರಲ್ಲಿ ನಾರ್ಕಾನ್ ಚೀಟಿಯಿಲ್ಲದೆ ಅಂಗಡಿಯಲ್ಲಿ ಸಿಗತೊಡಗಿತು, ಡಬ್ಬಿಗೆ ಸುಮಾರು 45 ಡಾಲರು. ಅಷ್ಟು ದುಡ್ಡು ಇರುವವರಿಗೆ ಅದು ಬೇಕಾಗುವುದು ಅಪರೂಪ, ಅದು ಬೇರೆ ಮಾತು. ಚಟ ಬಿಡಿಸಲು ಕೊಡುವ ಬ್ಯುಪ್ರೆನಾರ್ಫಿನ್ ಬರೆಯಲು ಡಾಕ್ಟರುಗಳಿಗೆ ಬೇಕಿದ್ದ ವಿಶೇಷ ಅನುಮತಿ ಅದಕ್ಕೂ ಸ್ವಲ್ಪ ಮುಂಚೆ, 2022ರ ಡಿಸೆಂಬರ್ ಕೊನೆಗೆ ಹೋಗಿತ್ತು. 2024ರ ಮೇ ತಿಂಗಳಲ್ಲಿ ಹೊಸ ಮೇಯರ್ ಷೆರೆಲ್ ಪಾರ್ಕರ್ ಅವರ ಆಡಳಿತ ಕೆನ್ಸಿಂಗ್ಟನ್ ಅವೆನ್ಯೂವಿನ ಗುಡಾರಗಳನ್ನು ತೆಗೆಸಿತು. ಬೀದಿ ಚೊಕ್ಕವಾಯಿತು, ಜನ ಪಕ್ಕದ ಬೀದಿಗೆ ಸರಿದರು. ನಮ್ಮ ಬಾಗಿಲಿಗೂ ಸ್ವಲ್ಪ ಜನ ಹೆಚ್ಚಾದರು. ಸಾವಿನ ಲೆಕ್ಕ ಇಳಿದಿದೆ, ನಿಜ. ಆದರೆ ಅದೇ 2024ರಲ್ಲಿ ಜೈಲಜೀನ್ ಜಾಗಕ್ಕೆ ಮೆಡೆಟೊಮಿಡೀನ್ ಬಂತು, ಅದೂ ಪ್ರಾಣಿಗಳ ಮದ್ದೇ. ಅದು ಹೃದಯದ ಬಡಿತ ಇಳಿಸುತ್ತದೆ, ಒಗ್ಗಿದವರಿಗೆ ಸಿಗದಿದ್ದರೆ ರಕ್ತದೊತ್ತಡ ಏರಿ ಮೈ ನಡುಗಿ ತೀವ್ರ ನಿಗಾ ಘಟಕಕ್ಕೆ ಸೇರಿಸುವ ಮಟ್ಟಕ್ಕೆ ಹೋಗುತ್ತದೆ. ನಮಗೆ ಮತ್ತೆ ತರಬೇತಿ. ಅದೇ ಪ್ಲಾಸ್ಟಿಕ್ ತಲೆ, ಅದೇ ಮಾತು: ಎದೆ ನೋಡಿ.

ಕಳೆದ ಯುಗಾದಿ ಊಟದಲ್ಲಿ, ಹೋಳಿಗೆ ಬಡಿಸುತ್ತಾ ಒಬ್ಬರು ಕೇಳಿದರು, "ಅಂಥವರನ್ನ ಎಷ್ಟು ಸಲ ಅಂತ ಉಳಿಸ್ತೀರ್ರೀ? ನಾಳೆ ಮತ್ತೆ ಅದೇ ತಾನೆ?" ಫೆಂಟನಿಲ್ ತಯಾರಿಸುವ ರಾಸಾಯನಿಕ ಕಳಿಸಿದ ಆರೋಪದ ಮೇಲೆ ನಮ್ಮ ದೇಶದ ಕೆಲವು ಕಂಪನಿಗಳ ವಿರುದ್ಧವೂ 2025ರಲ್ಲಿ ಇಲ್ಲಿನ ಕೋರ್ಟಿನಲ್ಲಿ ಕೇಸು ಬಿದ್ದಿದೆ ಅನ್ನಬೇಕು ಅನ್ನಿಸಿತು. ತುಪ್ಪ ಹಾಕಿ ಅಂದೆ.

ಆ ಹುಡುಗನ ವಿಷಯ ಪೂರ್ತಿ ಹೇಳಲಿಲ್ಲ. ಹತ್ತು ದಿನದ ಮೇಲೆ ಬಂದ. ಆಸ್ಪತ್ರೆಯ ಪಟ್ಟಿ ಕೈಯಲ್ಲೇ ಇತ್ತು. ಆಂಬ್ಯುಲೆನ್ಸ್‌ನವರು ಒಯ್ಯುವಾಗ ಅವನ ಬೆನ್ನುಚೀಲ ಇಲ್ಲೇ ಬಿದ್ದಿತ್ತು, ಮರೆತ ಸಾಮಾನುಗಳ ಪೆಟ್ಟಿಗೆಯಲ್ಲಿ ಇಟ್ಟಿದ್ದೆ. ಕೊಟ್ಟೆ. ಬಿಚ್ಚಿ ನೋಡಿದ: ಒಂದು ಸ್ವೆಟರು, ಚಾರ್ಜರು, ಒಂದು ಫೋಟೊ ಇದ್ದ ಕವರು. ಎಲ್ಲ ಇದೆ ಅಂದ. ಆಮೇಲೆ, ನನ್ನ ಮುಖ ನೋಡದೆ, "ನೀವಾ ಮಾಡಿದ್ದು?" ಅಂತ ಕೇಳಿದ.

"ಅಲ್ಲ, ಗಾರ್ಡ್" ಅಂದೆ. ಯಾಕೆ ಹಾಗಂದೆನೋ ಇವತ್ತಿಗೂ ಗೊತ್ತಿಲ್ಲ. ಗಾರ್ಡ್ ನನ್ನ ಕಡೆ ಒಮ್ಮೆ ನೋಡಿದಳು, ಏನೂ ಹೇಳಲಿಲ್ಲ.

ಅವನು ಹಡಗಿನ ಪುಸ್ತಕ ತೆಗೆದುಕೊಂಡು ಕೂತ. ಸ್ವಲ್ಪ ಹೊತ್ತಾದಮೇಲೆ ಎದ್ದು ಬಾತ್‌ರೂಮಿಗೆ ಹೋದ. ಗಡಿಯಾರ ನೋಡಿದೆ. ಐದು ನಿಮಿಷ ಆಯಿತು, ತಟ್ಟಿದೆ.

"ಇದೀನಿ" ಅಂದ.